ಕ್ರಿಮಿಯಾ ಚರ್ಚಿನ ಗೋಡೆಗಳನ್ನೂ ಪರೀಕ್ಷೆ ಮಾಡಿಸಿ: ಇಸ್ತಾಂಬುಲ್‌ನ ಬೆಯೋಲು ಮೇಯರ್‌ಗೆ ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ,

ನಮಸ್ಕಾರ. ನಾನು ಕೆಲಸಕ್ಕೆಂದು ನಿಮ್ಮ ಊರಿಗೆ ಬಂದ ಕನ್ನಡಿಗ. ಇದೇ ಪತ್ರ ಟರ್ಕಿಶ್‌ನಲ್ಲಿ ನಿಮ್ಮ ಕಚೇರಿಗೂ ಬರುತ್ತದೆ. ಕನ್ನಡದಲ್ಲಿ ಇಲ್ಲಿ ಹಾಕುತ್ತಿರುವುದು ನಮ್ಮವರೂ ಓದಲಿ ಅಂತ. ಗಲಾಟಾ ಗೋಪುರ ನೋಡಿ, ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ, ಹತ್ತಿರದಲ್ಲೇ ಸೆರ್ದಾರ್ ಎಕ್ರೆಮ್ ಬೀದಿಯಲ್ಲಿರುವ ಕ್ರಿಮಿಯಾ ಸ್ಮಾರಕ ಚರ್ಚಿನ ಕಡೆ ತಿರುಗುವವರು ಕಡಿಮೆ.

ನನ್ನ ಬೇಡಿಕೆ ಒಂದೇ. ಈ ಕಟ್ಟಡ ದೊಡ್ಡ ಭೂಕಂಪ ತಡೆಯುತ್ತದಾ? ಪರೀಕ್ಷೆ ಆಗಿದ್ದರೆ ವರದಿಯನ್ನು ಜನರ ಮುಂದಿಡಿ. ಆಗಿಲ್ಲದಿದ್ದರೆ ಈ ವರ್ಷವೇ ಮಾಡಿಸಿ.

ಸುಮ್ನೆ ಹೆದರಿ ಕೇಳುತ್ತಿಲ್ಲ. 2023ರ ಫೆಬ್ರವರಿಯ ಭೂಕಂಪದಲ್ಲಿ ದಕ್ಷಿಣ ಟರ್ಕಿಯ ಇಸ್ಕೆಂದೆರುನ್‌ನ ಕ್ಯಾಥೊಲಿಕ್ ಕ್ಯಾಥೆಡ್ರಲ್ ಕುಸಿಯಿತು. ಅದೂ 19ನೇ ಶತಮಾನದ ಕಲ್ಲಿನ ಕಟ್ಟಡವೇ. ಇಲ್ಲಿಯ ಚರ್ಚಿಗೆ ಅಡಿಗಲ್ಲು ಬಿದ್ದದ್ದು 1858ರಲ್ಲಿ, ಕೆಲಸ ಮುಗಿದದ್ದು 1868ರಲ್ಲಿ. ಆಮೇಲೆ 2025ರ ಏಪ್ರಿಲ್ 23ರಂದು ಮರ್ಮರಾ ಸಮುದ್ರದಲ್ಲಿ 6.2 ತೀವ್ರತೆಯ ಕಂಪನವಾಗಿ ಇಡೀ ಇಸ್ತಾಂಬುಲ್ ಬೀದಿಗೆ ಬಂದಿತ್ತು, ನೆನಪಿದೆ ಅಲ್ವಾ?

ಅದು ಇಂಗ್ಲೆಂಡಿನವರ ಚರ್ಚು, ಅವರೇ ನೋಡಿಕೊಳ್ಳಲಿ ಎಂದು ದಯವಿಟ್ಟು ಹೇಳಬೇಡಿ. 1853–56ರಲ್ಲಿ ಬ್ರಿಟಿಷರು ನಿಮ್ಮವರ ಜೊತೆ ಸೇರಿ ರಷ್ಯಾ ವಿರುದ್ಧ ಹೋರಾಡಿದ ಕ್ರಿಮಿಯಾ ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕರ ನೆನಪಿಗೆ ಕಟ್ಟಿದ್ದು ನಿಜ. ಆದರೆ ಜಾಗ ಕೊಟ್ಟವರು ನಿಮ್ಮ ಸುಲ್ತಾನ್ ಅಬ್ದುಲ್ ಮಜೀದ್. ನಕ್ಷೆ ಹಾಕಿದವರು ಜಾರ್ಜ್ ಎಡ್ಮಂಡ್ ಸ್ಟ್ರೀಟ್, ಮುಂದೆ ಲಂಡನ್ನಿನ ದೊಡ್ಡ ನ್ಯಾಯಾಲಯ ಕಟ್ಟಿದ ಅದೇ ವಾಸ್ತುಶಿಲ್ಪಿ. ಊರಿನಲ್ಲಿದ್ದ ಇಂಗ್ಲಿಷರು ಕಡಿಮೆಯಾದಂತೆ ಬರುವವರೇ ಇಲ್ಲದೆ 1970ರ ದಶಕದಲ್ಲಿ ಬಾಗಿಲು ಮುಚ್ಚಿತು. 1991ರಲ್ಲಿ ಮತ್ತೆ ತೆರೆಯಿತು. ಅದನ್ನು ಗುಡಿಸಿ, ತೊಳೆದು, ರಿಪೇರಿ ಮಾಡಿ ನಿಲ್ಲಿಸಿದವರಲ್ಲಿ ಶ್ರೀಲಂಕಾದಿಂದ ಓಡಿಬಂದ ನಿರಾಶ್ರಿತರಿದ್ದರು. ಸತ್ತವರಿಗೆಂದು ಕಟ್ಟಿದ ಚರ್ಚನ್ನು ಬದುಕಲು ಜಾಗ ಹುಡುಕುತ್ತಿದ್ದವರು ಉಳಿಸಿಕೊಟ್ಟರು ಎನ್ನುವುದೇ ನನಗೆ ಅದರ ಇಡೀ ಚರಿತ್ರೆಯಲ್ಲಿ ದೊಡ್ಡ ವಿಷಯ. ಇವತ್ತೂ ಅಲ್ಲಿಗೆ ಬರುವವರು ಬರೀ ಇಂಗ್ಲಿಷರಲ್ಲ, ಹಲವು ದೇಶಗಳಿಂದ ಬಂದು ಇಲ್ಲಿ ದುಡಿಯುವವರು. ನಮ್ಮಂಥ ವಿದೇಶಿಯರಿಗೆ ಇಲ್ಲಿ ಓಟಿಲ್ಲ, ಹಾಗಾಗಿ ಅವರ ಪರವಾಗಿ ನಿಮ್ಮ ಬಾಗಿಲು ತಟ್ಟುವವರೂ ಜಾಸ್ತಿ ಇಲ್ಲ. ಆದರೆ ಅವರೆಲ್ಲ ನಿಮ್ಮ ಊರಿನಲ್ಲೇ ಇದ್ದಾರೆ. ಗೋಡೆ ಬಿದ್ದರೂ ಬೀಳುವುದು ನಿಮ್ಮ ಬೀದಿಗೇ.

ಹಳೆಯ ಕಟ್ಟಡ ಮುಟ್ಟಬೇಕೆಂದರೆ ಸಂರಕ್ಷಣಾ ಮಂಡಳಿಯ ಒಪ್ಪಿಗೆ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಅದಕ್ಕೇ ಈಗಲೇ ಕೇಳುತ್ತಿದ್ದೇನೆ. ನಿಮ್ಮ ಎಂಜಿನಿಯರುಗಳು, ಚರ್ಚಿನವರು, ಬ್ರಿಟಿಷ್ ಕಾನ್ಸುಲೇಟಿನವರು ಒಂದೇ ಮೇಜಿನ ಸುತ್ತ ಕೂರುವಂತೆ ಮಾಡಿ. ಆ ಸಭೆ ಯಾವತ್ತು ಎಂದು ತಿಳಿಸಿ.

ಇಂತಿ,
ಗಲಾಟಾದಲ್ಲಿ ವಾಸವಿರುವ ಒಬ್ಬ ಕನ್ನಡಿಗ