ಸಂವೇಗ ಅಂದ್ರ ಮೊಮೆಂಟಮ್ಮಲೇ ದೋಸ್ತ

ಪ್ರೀತಿಯ ದೋಸ್ತ,

ಮೆಡಿಕಲ್ ಸೀಟಿನ ನೀಟ್ ಪರೀಕ್ಷೆಗೆ ನೀನು ಓದುತ್ತಿರುವ ಹಾಸ್ಟೆಲ್ಲಿನಲ್ಲಿ ಫೋನು ಇಟ್ಟುಕೊಳ್ಳಲು ಬಿಡುವುದಿಲ್ಲ. ಹಾಗಾಗಿ ಹತ್ತನೇ ಕ್ಲಾಸಿನ ಪತ್ರಲೇಖನ ಬಿಟ್ಟರೆ ಇದೇ ನನ್ನ ಮೊದಲ ಪತ್ರ. ಆಗ ಬರೆದದ್ದು ಶಾಲಾ ಪ್ರವಾಸಕ್ಕೆ ರೊಕ್ಕ ಕೇಳಿ ತಂದೆಗೆ. ಮಾರ್ಕ್ಸು ಬಂತು, ರೊಕ್ಕ ಬರಲಿಲ್ಲ.

ಕಳೆದ ರವಿವಾರ ವಾರ್ಡನ್ ಫೋನಿನಿಂದ ಮಾತಾಡಿದಿಯಲ್ಲ, "ಓದಿದ್ದು ತಲಿಯಾಗ ನಿಲ್ಲವಲ್ದಲೇ, ಎಲ್ಲಾರೂ ಮುಂದ ಹೋಗ್ಯಾರ" ಅಂತ. ನಿನ್ನ ಹಿಂದೆ ಯಾರೋ ಫೋನಿಗೆ ಕಾಯುತ್ತಿದ್ದರು, ಕಟ್ ಮಾಡಿದಿ. ನಾನು ಹೇಳಬೇಕಿದ್ದದ್ದು ಹಾಗೇ ಉಳಿಯಿತು.

ಪಿಯುಸಿ ಮೊದಲ ವರ್ಷ ಕೊಪ್ಪಳದಲ್ಲಿ ನಾನು ಹೇಗಿದ್ದೆ ಗೊತ್ತಾ? ಊರಿನಿಂದ ಬೆಳಗಿನ ಬಸ್ಸು ಹಿಡಿದು, ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡುತ್ತ ಕಾಲೇಜಿಗೆ ಹೋಗುತ್ತಿದ್ದೆ. ಫಿಜಿಕ್ಸ್ ಸರ್ "ಮೊಮೆಂಟಮ್, ಮೊಮೆಂಟಮ್" ಅನ್ನುತ್ತಿದ್ದರು. ತಿಂಗಳು ಪೂರ್ತಿ ಅದೇನೋ ನಮ್ಮಂಥವರಿಗೆ ಸಿಗದ ವಸ್ತು ಅಂದುಕೊಂಡಿದ್ದೆ. ಒಂದು ದಿನ ಬೋರ್ಡಿನ ಮೇಲೆ ದ್ರವ್ಯರಾಶಿ ಗುಣಿಸು ವೇಗದ ಸೂತ್ರ ಬರೆದರು. ಅಯ್ಯ, ಇದು ಸಂವೇಗ! ಕನ್ನಡ ಮೀಡಿಯಂ ಒಂಬತ್ತನೇ ಕ್ಲಾಸಿನಲ್ಲಿ ನಾನೂ ನೀನೂ ಒಂದೇ ಬೆಂಚಿನಲ್ಲಿ ಕೂತು ಲೆಕ್ಕ ಬಿಡಿಸಿದ್ದು. ಆಕ್ಸಿಲರೇಷನ್ ಅಂದರೆ ವೇಗೋತ್ಕರ್ಷ, ಕಿಡ್ನಿ ಅಂದರೆ ಮೂತ್ರಪಿಂಡ, ಪಾಲಿನೇಷನ್ ಅಂದರೆ ಪರಾಗಸ್ಪರ್ಶ. ಗೊತ್ತಿದ್ದ ಮನುಷ್ಯನೇ ಪ್ಯಾಂಟು ಹಾಕಿಕೊಂಡು ಬಂದಿದ್ದಕ್ಕೆ ನಾನು ಗುರುತು ಹಿಡಿಯದೆ ಹೆದರಿದ್ದೆ.

ಅವತ್ತೇ ಒಂದು ನೂರು ಪೇಜಿನ ನೋಟ್‌ಬುಕ್ಕಿಗೆ ನಡುವೆ ಗೆರೆ ಹೊಡೆದೆ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ಬೇರೆ ಯಾವ ಗೈಡೂ ನನಗೆ ಅಷ್ಟು ಆಗಿಬರಲಿಲ್ಲ. ಇಂಗ್ಲಿಷ್ ಮೀಡಿಯಂ ಹುಡುಗರು ನಕ್ಕರು. ನಕ್ಕವರಲ್ಲಿ ಇಬ್ಬರು ಪರೀಕ್ಷೆ ಹತ್ತಿರ ಬಂದಾಗ ಅದನ್ನೇ ಝೆರಾಕ್ಸ್ ಮಾಡಿಸಿಕೊಂಡರು ಅನ್ನುವುದು ಬೇರೆ ಮಾತು. ಈ ಲಕೋಟೆಯಲ್ಲಿ ಬಯಾಲಜಿ ಪುಟಗಳನ್ನು ಇಟ್ಟಿದ್ದೇನೆ.

ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರುತ್ತದೆ ಅಂತ ನಿನಗೆ ಗೊತ್ತು, ಆದರೂ ಹೋದ ಸಲ ನಾಚಿಕೆಗೆ ಬರೀ ಇಂಗ್ಲಿಷ್ ಆರಿಸಿದಿ. ಈ ಸಲ ಅರ್ಜಿ ತುಂಬುವಾಗಲೇ ಕನ್ನಡ ಅಂತ ಹಾಕು. ಕೈಗೆ ಬರುವ ಪತ್ರಿಕೆಯಲ್ಲಿ ಎರಡೂ ಭಾಷೆ ಇರುತ್ತವೆ. ಅನುವಾದದಲ್ಲಿ ಗೊಂದಲ ಆದರೆ ಇಂಗ್ಲಿಷಿನದೇ ಅಂತಿಮ, ಅದಕ್ಕೇ ಇಂಗ್ಲಿಷ್ ಓದಿಯೇ ಗುರುತು ಹಾಕು. ತಿಳಿಯದ ಕಡೆ ಕನ್ನಡಕ್ಕೆ ಕಣ್ಣು ಹಾಯಿಸು. ಯಾರು ನೋಡುತ್ತಾರೆ ಅಲ್ಲಿ?

ಇನ್ನೊಂದು. ನೀನು ದಿನವೆಲ್ಲ ಫಿಜಿಕ್ಸಿಗೇ ತಲೆ ಕೊಟ್ಟು ಕೂತಿದ್ದೀ ಅನಿಸುತ್ತದೆ. ಒಟ್ಟು 180 ಪ್ರಶ್ನೆ, 720 ಅಂಕ. ಅದರಲ್ಲಿ ಫಿಜಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ ಒಂದೇ 90. ನಿನಗೆ ಬರುವ ವಿಷಯದಲ್ಲೇ 360 ಅಂಕ ಇರುವಾಗ, ಬಾರದ್ದರ ಹಿಂದೆ ಬಿದ್ದು ಅದನ್ನೂ ಕೆಡಿಸಿಕೊಳ್ಳುತ್ತಾರಾ? ಬೆಳಗಿನ ಹೊತ್ತು ಎನ್‌ಸಿಇಆರ್‌ಟಿ ಬಯಾಲಜಿಗೆ ಕೊಡು, ಚಿತ್ರದ ಕೆಳಗಿನ ಸಾಲುಗಳನ್ನೂ ಬಿಡಬೇಡ. ತಪ್ಪಿಗೆ ಒಂದು ಅಂಕ ಹೋಗುತ್ತದೆ, ನಿಜ. ನಾಲ್ಕರಲ್ಲಿ ಎರಡು ಖಂಡಿತ ಅಲ್ಲ ಅಂತ ಗೊತ್ತಾದರೆ ಉಳಿದದ್ದರಲ್ಲಿ ಒಂದಕ್ಕೆ ಗುರುತು ಹಾಕಿಬಿಡು. ಇಂಜಿನಿಯರಿಂಗ್, ಅಗ್ರಿ ಸೀಟಿಗೆ ರಾಜ್ಯ ನಡೆಸುವ ಸಿಇಟಿಯಲ್ಲಿ ಆ ಭಯವೂ ಇಲ್ಲ. ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡ.

ಸಿಇಟಿ ಬರೆಯುವುದೇ ಇಲ್ಲ ಅಂದಿಯಂತೆ, ನಿಮ್ಮವ್ವ ಹೇಳಿದರು. ಬರಿ ಮಾರಾಯ. ಡಾಕ್ಟರ್ ಆಗದಿದ್ದರೆ ಏನೂ ಆಗಲ್ಲ ಅಂತ ಯಾರು ಹೇಳಿದ್ದು?

ಕಾಗದಪತ್ರದ ಕಥೆ ಕೇಳು. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371(ಜೆ) ಕಲಮಿನ ಮೀಸಲಾತಿ ಇದೆ, ಅದರಲ್ಲಿ ಇಲ್ಲಿನ ಕಾಲೇಜುಗಳ ಶೇ 70 ಸೀಟು ನಮಗೆ, ರಾಜ್ಯದ ಉಳಿದ ಕಡೆ ಶೇ 8. ಕೊಪ್ಪಳ, ರಾಯಚೂರು, ಬಳ್ಳಾರಿ, ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ನೀನು ನಾಲ್ಕು ನೂರು ಕಿಲೋಮೀಟರ್ ದೂರ ಕೂತು ಓದುತ್ತಿರುವುದು ಮನೆ ಮುಂದಿನ ಸೀಟಿಗೇ. ಆದರೆ ಉಪವಿಭಾಗಾಧಿಕಾರಿ ಸಹಿ ಮಾಡಿದ ಅರ್ಹತಾ ಪತ್ರ ಕೈಯಲ್ಲಿ ಇಲ್ಲದಿದ್ದರೆ ಇದ್ಯಾವುದೂ ಇಲ್ಲ. ನನ್ನ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಅಪ್ಪನ ಹೆಸರಿಗೆ ಅಡ್ಡಹೆಸರು ಸೇರಿತ್ತು, ಆಧಾರಿನಲ್ಲಿ ಇರಲಿಲ್ಲ, ಪಹಣಿಯಲ್ಲಿ ಇನ್ನೂ ಅಜ್ಜನೇ ಕೂತಿದ್ದ. ಅಪ್ಪ ಶೇಂಗಾ ಕೀಳುವ ಹೊತ್ತಿನಲ್ಲಿ ಐದು ದಿನ ಓಡಾಡಿದ. ಪರೀಕ್ಷೆ ನಾನೊಬ್ಬನೇ ಬರೆದೆ ಅಂತ ಹೇಳುವುದು ಹೇಗೆ?

ಆ ಪಹಣಿಯೇ ಕೊನೆಗೆ ನನ್ನ ಕೈ ಹಿಡಿದದ್ದು. ಬಿಎಸ್ಸಿ ಅಗ್ರಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ. ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿಗೆ ಹೋದೆ. ದಾರಿಯುದ್ದಕ್ಕೂ ನೋಟ್‌ಬುಕ್ ತಿರುವುತ್ತಿದ್ದೆ. ಒಳಗೆ ಹೋದರೆ ಟೇಬಲ್ಲಿನ ಮೇಲೆ ಸಣ್ಣ ಸಣ್ಣ ತಟ್ಟೆ: ಕುಸುಬಿ, ಗುರೆಳ್ಳು, ಅಗಸಿ, ಮಡಕಿ, ತೊಗರಿ. ಆ ಕಡೆ ಕೂರಿಗೆ, ಎಡೆಕುಂಟೆ. ಕೆಂಪಗಿನ ಪೊಟ್ಯಾಷು. ಯಾವುದು ಏನು, ಯಾತಕ್ಕೆ ಬಳಸುತ್ತಾರೆ, ಬರಿ ಅಂದರು. ಎರಡು ವರ್ಷ ಕಾಲೇಜಿನಲ್ಲಿ ಹೊಲದ ಕೆಲಸ ಮಾಡುತ್ತೇನೆ ಅಂತ ಬಾಯಿಬಿಟ್ಟವನಲ್ಲ ನಾನು. ಕೈಯ ಬೊಬ್ಬೆ ಕ್ರಿಕೆಟ್ಟಿನದು ಅಂದಿದ್ದೆ. ಅವತ್ತು ನನಗಿಂತ ಮುಂಚೆ ನನ್ನ ಕೈ ಬರೆಯುತ್ತಿತ್ತು.

ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಪಿಯುಸಿ ಮುಗಿಯುವವರೆಗೂ ಪ್ರಶ್ನೆ ಏನು ಬಂದಿತ್ತು ಅಂತ ಒಮ್ಮೆಯೂ ಕೇಳಿದವನಲ್ಲ. ಅವತ್ತು ಕೇಳಿದ, "ಏನೇನ್ ಇಟ್ಟಿದ್ರು?" ಒಂದೊಂದೇ ಹೇಳಿದೆ, ಸಣ್ಣ ಕಾಳಿನದೊಂದು ನವಣಿ ಅಂತ ಬರೆದೆ ಅಂದೆ. "ಹೊಳಪಿತ್ತೇನು? ಸ್ವಲ್ಪ ದಪ್ಪ?" ಹೌದು ಅಂದೆ. "ಅದು ಬರಗಲೇ!" ಅಂತ ತೊಡೆ ತಟ್ಟಿ ನಕ್ಕ. ಒಳಗಿನಿಂದ ಅವ್ವ ಮೊರದಲ್ಲಿ ನವಣಿ ಒಂದು ಬದಿ, ಬರಗು ಒಂದು ಬದಿ ಹಾಕಿಕೊಂಡು ಬಂದು ನನ್ನ ಮುಂದೆ ಹಿಡಿದಳು. ಸೀಟು ಸಿಕ್ಕರೂ ಆ ಬರಗು ಇನ್ನೂ ನಮ್ಮ ಮನೆಯಲ್ಲಿ ಮುಗಿದಿಲ್ಲ.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಊರಿಗೆ ಬರುತ್ತೇನೆ. ಹಳ್ಳಿಯಿಂದ ರೊಟ್ಟಿ ಕಟ್ಟಿ ಕಳಿಸುವ ಕೆಲಸ ಈ ಸಲವೂ ನನ್ನದೇ. ದಾಸೋಹದ ಮಿರ್ಚಿ ನಿನ್ನ ಪಾಲಿನದೂ ತಿಂದುಬಿಡುತ್ತೇನೆ, ಬೈಯಬೇಡ. ಹಾಗೇ ನಿಮ್ಮಪ್ಪನ ಜೊತೆ ಹೋಗಿ 371(ಜೆ) ಅರ್ಜಿ ಕೊಟ್ಟು ಬರುತ್ತೇನೆ. ನಿನ್ನ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಅವರ ಹೆಸರು ಅಕ್ಷರಕ್ಕೆ ಅಕ್ಷರ ಹೇಗಿದೆ ಅಂತ ಒಂದು ಚೀಟಿಯಲ್ಲಿ ಬರೆದು ಕಳಿಸು. ಅಂಚೆಗೆ ವಾರ ಬೇಕು, ಇವತ್ತೇ ಹಾಕು.

ನಿನ್ನ
ಬೆಂಚಿನ ದೋಸ್ತ