ಮೂರು ಪುಟಗಳಿಗೆ ಹಂಚಿಹೋದ ಒಂದೇ ಸುದ್ದಿ

ಮಾನ್ಯ ಸಂಪಾದಕರೇ,

ಯುದ್ಧದ ಸುದ್ದಿ ಮುಖಪುಟಕ್ಕೆ, ಷೇರುಪೇಟೆ ಕುಸಿದದ್ದು ವಾಣಿಜ್ಯ ಪುಟಕ್ಕೆ, ಕೃತಕ ಬುದ್ಧಿಮತ್ತೆಯ ಹೊಸ ಚಮತ್ಕಾರ ತಂತ್ರಜ್ಞಾನದ ಅಂಕಣಕ್ಕೆ. ಪುಟ ಕಟ್ಟುವವರಿಗೆ ಈ ವಿಂಗಡಣೆ ಅನುಕೂಲ, ನಿಜ. ಆದರೆ ಇವು ಬೇರೆ ಬೇರೆ ಸುದ್ದಿಗಳಾಗಿ ಉಳಿದು ವರ್ಷಗಳಾದವು. ಮೂರೂ ಕಡೆ ಸವೆಯುತ್ತಿರುವುದು ಒಂದೇ: ತೀರ್ಮಾನ ತೆಗೆದುಕೊಳ್ಳಬೇಕಾದವರಿಗೆ ಇದ್ದ ವ್ಯವಧಾನ.

ಮೊದಲು ಯುದ್ಧವನ್ನೇ ನೋಡೋಣ. ಉಕ್ರೇನ್ ರಣರಂಗದಲ್ಲಿ ಎರಡೂ ಕಡೆಯವರು ಲೆಕ್ಕವಿಲ್ಲದಷ್ಟು ಬಳಸುತ್ತಿರುವ ಎಫ್‌ಪಿವಿ ಡ್ರೋನಿನ (ಅದರ ಕ್ಯಾಮೆರಾ ಕಾಣುವುದನ್ನು ಚಾಲಕ ಕನ್ನಡಕದಂಥ ಪರದೆಯಲ್ಲಿ ನೋಡುತ್ತಾ ಹಾರಿಸುವ ಡ್ರೋನ್) ಒಳಗಿರುವುದು ರೇಸಿನ ಹವ್ಯಾಸಿಗಳು ಕೊಳ್ಳುವ ಸಾಮಾನೇ: ಕಾರ್ಬನ್ ಫೈಬರ್ ಚೌಕಟ್ಟು, ನಾಲ್ಕು ಮೋಟಾರು, ಲಿಥಿಯಂ ಬ್ಯಾಟರಿ, ಪುಟ್ಟ ಕ್ಯಾಮೆರಾ, ಚಿತ್ರ ಕಳಿಸುವ ಟ್ರಾನ್ಸ್‌ಮಿಟರ್. ಸುಮಾರು 500 ಡಾಲರಿಗೆ ತಯಾರಾಗುವ ಇದು ಹತ್ತಾರು ಲಕ್ಷ ಡಾಲರಿನ ಟ್ಯಾಂಕನ್ನು ಮೂಲೆಗೆ ಹಾಕುತ್ತದೆ. ದೂರಕ್ಕೆ ಹಾರುವ, ಇರಾನ್ ವಿನ್ಯಾಸದ ಶಾಹಿದ್-136 ಡ್ರೋನಿಗೆ 20 ಸಾವಿರದಿಂದ 50 ಸಾವಿರ ಡಾಲರ್ ತಗಲುತ್ತದೆಂಬ ಅಂದಾಜಿದೆ. ಅದನ್ನು ಬೀಳಿಸಲು ಅಮೆರಿಕದ ಪೇಟ್ರಿಯಾಟ್ ಕ್ಷಿಪಣಿ ಹಾರಿಸಿದರೆ ಒಂದಕ್ಕೇ ಸುಮಾರು 40 ಲಕ್ಷ ಡಾಲರ್. ಮೂಗಿಗಿಂತ ಮೂಗುತಿ ಭಾರ.

ಅಗ್ಗದ ಡ್ರೋನಿನ ದೌರ್ಬಲ್ಯವಿರುವುದು ಅದರ ರೇಡಿಯೊ ಸಂಪರ್ಕದಲ್ಲಿ. ಜಾಮರ್ ಅದೇ ತರಂಗಾಂತರದಲ್ಲಿ ಗದ್ದಲ ಎಬ್ಬಿಸಿದರೆ ಚಾಲಕನ ಕನ್ನಡಕದ ತುಂಬ ಬರೀ ಚುಕ್ಕಿ. ಜಾಮರ್ ಇಲ್ಲದಿದ್ದರೂ ಗುರಿ ಹತ್ತಿರವಾದಂತೆ ಡ್ರೋನ್ ಕೆಳಗಿಳಿಯುತ್ತದೆ, ಗುಡ್ಡವೋ ಮರಗಳೋ ಅಡ್ಡ ಬಂದು ಬೇಕಾದ ಗಳಿಗೆಯಲ್ಲೇ ಚಿತ್ರ ಮಾಯವಾಗುತ್ತದೆ. ಇದಕ್ಕೆ ಎರಡು ಉಪಾಯ ಬಂದಿವೆ. ಒಂದು, ಹತ್ತಿಪ್ಪತ್ತು ಕಿ.ಮೀ. ಉದ್ದದ ಆಪ್ಟಿಕಲ್ ಫೈಬರ್ ಎಳೆಯನ್ನು ಹಿಂದೆ ಬಿಚ್ಚುತ್ತಾ ಹಾರುವುದು. ಜಾಮರ್ ಅದನ್ನೇನೂ ಮಾಡಲಾರದು. ಆದರೆ ಎಳೆಯ ಉರುಳೆಯೇ ಭಾರವಾದ್ದರಿಂದ ಸಿಡಿತಲೆ ಸಣ್ಣದಾಗಬೇಕು, ಎಳೆ ಎಲ್ಲಾದರೂ ಸಿಕ್ಕಿ ತುಂಡಾದರೆ ಅಲ್ಲಿಗೆ ಮುಗಿಯಿತು. ಇನ್ನೊಂದು, ಕೊನೆಯ ಕೆಲವು ನೂರು ಮೀಟರುಗಳನ್ನು ಡ್ರೋನಿನೊಳಗಿನ ಕಂಪ್ಯೂಟರ್ ಚಿಪ್‌ನ ಕೈಗೆ ಕೊಡುವುದು. ಚಾಲಕ ಪರದೆಯಲ್ಲಿ ಗುರಿಯ ಸುತ್ತ ಚೌಕ ಕೂರಿಸುತ್ತಾನೆ, ಅಲ್ಲಿಂದ ಮುಂದೆ ಸಿಗ್ನಲ್ ಇರಲಿ ಬಿಡಲಿ, ಚಿಪ್ ಆ ಆಕೃತಿಯ ಬೆನ್ನು ಹತ್ತುತ್ತದೆ. ಕೊಲ್ಲುವ ಕೆಲಸದ ಕೊನೆಯ ಹಂತ ಮನುಷ್ಯನ ಕೈ ಬಿಟ್ಟದ್ದು ಹೀಗೆ, ಸಿಗ್ನಲ್ ಕಡಿಯುತ್ತಿತ್ತು ಎಂಬ ಸಾದಾ ಕಾರಣಕ್ಕೆ.

‘ಏನೇ ಆಗಲಿ, ಒಪ್ಪಿಗೆ ಕೊಡಲು ಮನುಷ್ಯನೊಬ್ಬ ಇರುತ್ತಾನಲ್ಲ’ ಎಂಬ ಸಮಾಧಾನವನ್ನು ಪದೇ ಪದೇ ಕೇಳುತ್ತೇವೆ. 2003ರ ಮಾರ್ಚಿನಲ್ಲಿ, ಇರಾಕ್ ಯುದ್ಧದ ಮೊದಲ ದಿನಗಳಲ್ಲಿ, ಅಮೆರಿಕದ ಪೇಟ್ರಿಯಾಟ್ ತುಕಡಿಯೊಂದು ನೆಲೆಗೆ ಮರಳುತ್ತಿದ್ದ ಮಿತ್ರದೇಶ ಬ್ರಿಟನ್ನಿನ ಟಾರ್ನೆಡೊ ವಿಮಾನವನ್ನು ಹೊಡೆದುರುಳಿಸಿತು. ಇಬ್ಬರು ಸತ್ತರು. ಇಳಿಯುತ್ತಿದ್ದ ವಿಮಾನವನ್ನು ಕಂಪ್ಯೂಟರು ರೇಡಾರನ್ನು ಅರಸಿ ಬರುವ ಕ್ಷಿಪಣಿ ಎಂದು ವರ್ಗೀಕರಿಸಿತ್ತು. ‘ನಾನು ನಿಮ್ಮವನು’ ಎಂದು ಸಾರಬೇಕಾದ ವಿಮಾನದ ಸಾಧನ ಕೆಲಸ ಮಾಡಿರಲಿಲ್ಲ. ಹೊಡೆಯುವ ತೀರ್ಮಾನ ಮನುಷ್ಯರದೇ. ಅವರಿಗೆ ಸಿಕ್ಕಿದ್ದು ಸುಮಾರು ಒಂದು ನಿಮಿಷ. ತುಕಡಿಯ ಸ್ವಂತ ಸಂಪರ್ಕ ಸಲಕರಣೆಯೂ ಇನ್ನೂ ಬಂದು ತಲುಪಿರಲಿಲ್ಲ. ತಾಳೆ ನೋಡಲು ಬೇರೆ ಆಧಾರವೂ ಇಲ್ಲ, ಹೊತ್ತೂ ಇಲ್ಲ ಎಂದಾದರೆ ಅಂಥ ಒಪ್ಪಿಗೆ ಬರೀ ಹೆಬ್ಬೆಟ್ಟು.

ಹಣಕಾಸಿನಲ್ಲಿ ಇದೇ ರೋಗ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ 2012ರ ಆಗಸ್ಟ್ 1ರಂದು ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರುಗಳಿಗೆ ಹೊಸ ತಂತ್ರಾಂಶ ಹಾಕಬೇಕಿತ್ತು, ಏಳಕ್ಕೆ ಮಾತ್ರ ಹಾಕಿದರು. ಎಂಟನೆಯದರಲ್ಲಿ ವರ್ಷಗಳಿಂದ ಬಳಕೆಯಲ್ಲಿಲ್ಲದ ಹಳೆಯ ಕೋಡ್ ಅಳಿಸದೆ ಉಳಿದಿತ್ತು. ಹೊಸ ತಂತ್ರಾಂಶ ಬಳಸಿದ ಸೂಚಕ, ಹಿಂದೆ ಆ ಹಳೆಯ ಕೋಡನ್ನು ಎಬ್ಬಿಸುತ್ತಿದ್ದ ಸೂಚಕವೇ ಆಗಿತ್ತು! ಪೇಟೆ ತೆರೆದೊಡನೆ ಎಂಟನೆಯ ಸರ್ವರ್ ನಿಲ್ಲದೆ ಆರ್ಡರ್ ಹಾಕತೊಡಗಿತು. ಗಾಬರಿಯಲ್ಲಿ ಸಿಬ್ಬಂದಿ ಉಳಿದ ಏಳರಿಂದಲೂ ಹೊಸ ತಂತ್ರಾಂಶವನ್ನು ತೆಗೆದರು, ಅಲ್ಲೂ ಹಳೆಯ ಕೋಡ್ ಎದ್ದು ಎಂಟೂ ಕೆಟ್ಟವು. ಪೇಟೆ ತೆರೆಯುವ ಮುನ್ನವೇ ದೋಷದ ಸುಳಿವಿದ್ದ 97 ಇ-ಮೇಲ್‌ಗಳು ತಾವಾಗಿಯೇ ಹೊರಟಿದ್ದವು. ಎಚ್ಚರಿಕೆಯ ರೂಪದಲ್ಲಿ ಇಲ್ಲದ್ದರಿಂದ ಅವುಗಳ ಬೆನ್ನು ಹಿಡಿದು ಯಾರೂ ನೋಡಲಿಲ್ಲ.

ಬ್ಯಾಂಕುಗಳದೂ ಅದೇ ಪಾಡು. 2008ರಲ್ಲಿ ವಾಷಿಂಗ್ಟನ್ ಮ್ಯೂಚುಯಲ್ ಬ್ಯಾಂಕಿನಿಂದ ಸುಮಾರು ಹತ್ತು ದಿನಗಳಲ್ಲಿ 1,670 ಕೋಟಿ ಡಾಲರ್ ಠೇವಣಿ ಹೊರಹೋಯಿತು. 2023ರ ಮಾರ್ಚ್ 9ರಂದು ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನದಲ್ಲಿ ಹೋದದ್ದು 4,200 ಕೋಟಿ ಡಾಲರ್. ಬಡ್ಡಿ ಕಡಿಮೆಯಿದ್ದಾಗ ಕೊಂಡ ದೀರ್ಘಾವಧಿ ಬಾಂಡುಗಳ ಬೆಲೆ ಬಡ್ಡಿ ಏರಿದಾಗ ಇಳಿದಿತ್ತು, ಅವನ್ನು ಮಾರಿ 180 ಕೋಟಿ ಡಾಲರ್ ನಷ್ಟವಾಯಿತೆಂದು ಬ್ಯಾಂಕೇ ಪ್ರಕಟಿಸಿತು. ಠೇವಣಿಯ ಬಹುಪಾಲು ವಿಮೆಯ ಮಿತಿಗಿಂತ ಮೇಲಿನದು. ಸುದ್ದಿ ಹಬ್ಬಿದ್ದೂ ಹಣ ಎತ್ತಿದ್ದೂ ಫೋನಿನಲ್ಲೇ. ಬ್ಯಾಂಕಿನ ಮುಂದಿನ ಸರತಿ ಸಾಲನ್ನೂ ಸಂಜೆ ಮುಚ್ಚುವ ಕೌಂಟರನ್ನೂ ನಾವು ಬೈದದ್ದೇ ಬೈದದ್ದು. ಅವೂ ಒಂದು ಬಗೆಯ ಬ್ರೇಕ್ ಆಗಿದ್ದವೆಂದು ಈಗ ಗೊತ್ತಾಗುತ್ತಿದೆ.

ಇನ್ನು ಮೂರೂ ಒಂದೆಡೆ ಸೇರುವ ಜಾಗ. 2013ರ ಏಪ್ರಿಲ್ 23ರಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಟ್ವಿಟರ್ ಖಾತೆಗೆ ಕನ್ನ ಹಾಕಿದವರು ಶ್ವೇತಭವನದಲ್ಲಿ ಸ್ಫೋಟವಾಗಿದೆ ಎಂದು ಬರೆದರು. ಸುದ್ದಿ ಓದಿ ವ್ಯಾಪಾರ ಮಾಡುವ ಕಂಪ್ಯೂಟರುಗಳೂ ಅದಕ್ಕೆ ಬಿದ್ದವು, ಅಮೆರಿಕದ ಷೇರು ಸೂಚ್ಯಂಕಗಳು ಕೆಲವೇ ನಿಮಿಷಗಳಲ್ಲಿ ಕುಸಿದು ಮತ್ತೆ ಎದ್ದವು. 2023ರ ಮೇ 22ರಂದು ಪೆಂಟಗನ್ ಬಳಿ ಸ್ಫೋಟವಾದಂತೆ ತೋರಿಸುವ ಚಿತ್ರವೊಂದು ಹರಿದಾಡಿದಾಗಲೂ ಪೇಟೆ ಒಂದು ಕ್ಷಣ ಬೆಚ್ಚಿತು. ಈ ಸಲ ಖಾತೆ ಕದಿಯುವ ಶ್ರಮವೂ ಬೇಕಾಗಿರಲಿಲ್ಲ, ಕೃತಕ ಬುದ್ಧಿಮತ್ತೆಯಿಂದ ಹುಟ್ಟಿದ ಚಿತ್ರವೇ ಸಾಕಾಯಿತು. ಹಾಂಗ್‌ಕಾಂಗ್‌ನಲ್ಲಿ 2024ರ ಆರಂಭದಲ್ಲಿ ಬಯಲಾದ ಪ್ರಕರಣದಲ್ಲಿ, ಹಣ ಕಳಿಸಲು ಹೇಳಿದ ಇ-ಮೇಲ್ ನೋಡಿ ಅನುಮಾನಪಟ್ಟಿದ್ದ ಕಂಪನಿಯೊಂದರ ನೌಕರ ವಿಡಿಯೊ ಸಭೆಯಲ್ಲಿ ಮೇಲಧಿಕಾರಿಗಳ ಮುಖ ಕಂಡು ನಂಬಿದರು. ಸಭೆಯಲ್ಲಿದ್ದ ಉಳಿದವರೆಲ್ಲ ಡೀಪ್‌ಫೇಕ್, ಅಂದರೆ ಕೃತಕ ಬುದ್ಧಿಮತ್ತೆ ಸೃಷ್ಟಿಸಿದ ನಕಲಿಗಳು. 15 ಕಂತುಗಳಲ್ಲಿ 20 ಕೋಟಿ ಹಾಂಗ್‌ಕಾಂಗ್ ಡಾಲರ್ ಹೋಯಿತು.

ಪರಿಹಾರಕ್ಕೆ ಮಾದರಿ ಹೊಸದಾಗಿ ಹುಡುಕಬೇಕಿಲ್ಲ. 1987ರ ಅಕ್ಟೋಬರ್ 19ರಂದು ಡೌ ಸೂಚ್ಯಂಕ ಒಂದೇ ದಿನ ಶೇ 22.6ರಷ್ಟು ಬಿದ್ದ ಮೇಲೆ ಅಮೆರಿಕದ ಪೇಟೆ ತನಗೆ ತಾನೇ ತಡೆ ಹಾಕಿಕೊಂಡಿತು. ಈಗಿನ ನಿಯಮದಂತೆ ಎಸ್ ಅಂಡ್ ಪಿ 500 ಸೂಚ್ಯಂಕ ಶೇ 7 ಕುಸಿದರೆ 15 ನಿಮಿಷ ವಹಿವಾಟು ಸ್ತಬ್ಧ, ಶೇ 13ಕ್ಕೆ ಮತ್ತೊಮ್ಮೆ, ಶೇ 20 ಆದರೆ ಆ ದಿನದ ಬಾಗಿಲೇ ಬಂದ್. ಯಾರ ಅಪ್ಪಣೆಗೂ ಕಾಯುವುದಿಲ್ಲ ಎಂಬುದೇ ಇದರ ಗುಣ.

ಕಚೇರಿಗಳಲ್ಲಿ ಇದನ್ನು ಹೀಗೆ ಅಳವಡಿಸಬಹುದು. ಹಣ ಕಳಿಸುವ ಖಾತೆ ಬದಲಾಯಿತು ಎಂಬ ಸೂಚನೆ ಬಂದರೆ, ಕಡತದಲ್ಲಿ ಮೊದಲೇ ಇರುವ ಸಂಖ್ಯೆಗೆ ನಾವಾಗಿ ಕರೆ ಮಾಡಿ ಕೇಳಬೇಕು. ಆ ಸೂಚನೆಯಲ್ಲೇ ಕೊಟ್ಟ ಸಂಖ್ಯೆಗೆ ಮಾಡಿದರೆ ಕಳ್ಳನನ್ನೇ ವಿಚಾರಿಸಿದಂತೆ. ಮಿತಿ ಮೀರಿದ ಮೊತ್ತಕ್ಕೆ ಇಬ್ಬರ ಒಪ್ಪಿಗೆ ಬೇಕು, ಅದೂ ಬೇರೆ ಬೇರೆ ದಾರಿಯಲ್ಲಿ. ಒಂದೇ ವಿಡಿಯೊ ಸಭೆಯಲ್ಲಿ ಇಬ್ಬರೂ ತಲೆಯಾಡಿಸಿದರೆ ಅದು ಒಂದೇ ಒಪ್ಪಿಗೆ. ಹೊಸ ಖಾತೆಗೆ ಮೊದಲ ಪಾವತಿ ಮರುದಿನಕ್ಕಿಂತ ಮೊದಲು ಹೋಗದಿರಲಿ. ಈ ನಿಯಮಗಳು ಸಾಮಾನ್ಯವಾಗಿ ಮುರಿಯುವುದು ಮಾಲೀಕರಿಗೆಂದು ಕೊಡುವ ವಿನಾಯಿತಿಯಲ್ಲಿ. ವಂಚಕರು ಮಾಲೀಕರ ವೇಷವನ್ನೇ ಹಾಕುವುದೂ ಅದಕ್ಕೇ. ತುರ್ತಾಗಿ ಹಣ ಕೇಳುವ ಕರೆ ಬಂದರೆ ಪರೀಕ್ಷಿಸಲು ಮನೆಯವರ ನಡುವೆ ಒಂದು ಗುಟ್ಟಿನ ಮಾತು ಇರಲಿ. ಅಂತರ್ಜಾಲದಲ್ಲಿ ಸಿಗುವ ಹೆಸರು, ಜನ್ಮದಿನ ಬೇಡ. ಕೆಲವೇ ಸೆಕೆಂಡುಗಳ ಧ್ವನಿ ಸಿಕ್ಕರೆ ನಕಲು ತಯಾರಾಗುವ ಕಾಲದಲ್ಲಿ ಫೋನಿನಲ್ಲಿ ಕೇಳಿದ ಅಳುವನ್ನು ಗುರುತೆಂದು ನಂಬಲಾಗದು.

ಶಸ್ತ್ರಾಸ್ತ್ರದ ವಿಷಯ ಇಷ್ಟು ಸುಲಭವಲ್ಲ, ಒಪ್ಪುತ್ತೇನೆ. ಹಡಗಿನತ್ತ ನುಗ್ಗುವ ಕ್ಷಿಪಣಿಯನ್ನು ತಡೆಯುವ ಯಂತ್ರಕ್ಕೆ ‘15 ನಿಮಿಷ ಯೋಚಿಸು’ ಎನ್ನಲಾಗದು. ಆದರೆ ನುಗ್ಗಿ ಬರುವ ಕ್ಷಿಪಣಿಯನ್ನು ತಡೆಯುವುದು ಬೇರೆ, ಕೊಲ್ಲಬೇಕಾದವರ ಪಟ್ಟಿ ಮಾಡುವುದು ಬೇರೆ. ಎರಡನೆಯದಕ್ಕೆ ಕ್ಷಣದ ಅವಸರವಿದೆ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಸ್ವಯಂಚಾಲಿತ ಮಾರಕಾಸ್ತ್ರಗಳ ಬಗ್ಗೆ ತನ್ನ ಮೊದಲ ನಿರ್ಣಯ ಅಂಗೀಕರಿಸಿದ್ದು 2023ರ ಡಿಸೆಂಬರಿನಲ್ಲಿ. 2026ರೊಳಗೆ ಕಟ್ಟುನಿಟ್ಟಿನ ಒಪ್ಪಂದ ಆಗಲಿ ಎಂದು ಪ್ರಧಾನ ಕಾರ್ಯದರ್ಶಿಗಳು 2023ರಲ್ಲಿ ಕರೆ ಕೊಟ್ಟಿದ್ದರು. ಅಂಥ ಒಪ್ಪಂದದಲ್ಲಿ ‘ಮಾನವ ನಿಯಂತ್ರಣ’ ಎಂದಷ್ಟೇ ಬರೆದು ಬಿಟ್ಟರೆ ಟಾರ್ನೆಡೊವನ್ನು ಹೊಡೆದದ್ದೂ ಮಾನವ ನಿಯಂತ್ರಣದಲ್ಲೇ ಆಯಿತು.

ಪತ್ರಿಕೆಗೆ ನನ್ನ ಕೋರಿಕೆ ಇಷ್ಟೇ. ಹೊಸ ಡ್ರೋನ್, ಹೊಸ ವಹಿವಾಟು ತಂತ್ರಾಂಶ, ಹೊಸ ಎಐ ಯಾವುದರ ಸುದ್ದಿ ಬಂದರೂ ವರದಿಗಾರರು ಎರಡು ಪ್ರಶ್ನೆ ಕೇಳಿ ಉತ್ತರವನ್ನೂ ಅಚ್ಚು ಹಾಕಲಿ: ಒಪ್ಪಿಗೆ ಕೊಡುವ ಮನುಷ್ಯನಿಗೆ ಎಷ್ಟು ಸೆಕೆಂಡು ಸಿಗುತ್ತದೆ? ಸಂಪರ್ಕ ಕಡಿದುಹೋದರೆ ಯಂತ್ರ ನಿಲ್ಲುತ್ತದೆಯೋ, ಮುಂದುವರಿಯುತ್ತದೆಯೋ?

ಇಂತಿ,
ನಿಮ್ಮ ಓದುಗ