ಮೊಣಕಾಲುದ್ದ ನೀರು ಅಂತ ಬರೆದಿದ್ದೀಯಲ್ಲ

ಚಿತ್ರದುರ್ಗ
ಗುರುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮನೆ ಸುದ್ದಿ ನಿಮ್ಮಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಮತ್ತೆ ಬರೆಯುವುದಿಲ್ಲ.

ನಿನ್ನ ಕಾಗದ ಮೊನ್ನೆ ಬಂತು. ಅಕ್ಟೋಬರ್ ನಡುವೆ ಗೆಳತಿಯರೆಲ್ಲ ಸೇರಿ ಸಾಗರದ ಕಡೆ ದಬ್ಬೆ ಜಲಪಾತಕ್ಕೆ ಹೋಗುವುದು, ಹೊಸಗದ್ದೆವರೆಗೆ ಗಾಡಿ, ಅಲ್ಲಿಂದಾಚೆ ಕಾಡಿನಲ್ಲಿ ನಡಿಗೆ. ಓದಿ ಸಂತೋಷವೇ ಆಯಿತು ಕಣೆ. ಆದರೆ ಕೊನೆಗೆ ಒಂದು ಸಾಲು ಬರೆದಿದ್ದೀಯ. 'ದಾರಿಯಲ್ಲಿ ಒಂದು ಹಳ್ಳ ದಾಟಬೇಕಂತೆ, ಮೊಣಕಾಲುದ್ದ ನೀರು ಇರಬಹುದು ಅಷ್ಟೆ, ವಾಪಸ್ ಬರುವಾಗ ಮಳೆ ಹಿಡಿದರೆ ಏನು ಮಾಡೋದೋ' ಅಂತ. ಆಮೇಲೆ ಶೂಸಿನ ವಿಷಯಕ್ಕೆ ಹೋಗಿಬಿಟ್ಟಿದ್ದೀಯ. ನನಗೆ ಆ ಸಾಲು ಬಿಟ್ಟು ಮುಂದೆ ಹೋಗಲು ಆಗಲಿಲ್ಲ. ರಾತ್ರಿ ಎದ್ದು ಲೈಟ್ ಹಾಕಿಕೊಂಡು ಅದನ್ನೇ ಮತ್ತೆ ಓದಿದೆ.

ನಿಮ್ಮಮ್ಮ ಉಂಬಳಕ್ಕೆ ಹೆದರಿದ್ದಾಳೆ, ಮಂಗನ ಕಾಯಿಲೆಗೂ ಹೆದರಿದ್ದಾಳೆ. ಅದು ಮೊದಲು ಗೊತ್ತಾಗಿದ್ದೇ 1957ರಲ್ಲಿ, ಆ ಸೀಮೆಯ ಕ್ಯಾಸನೂರು ಕಾಡಿನಲ್ಲಿ, ನಿಜ. ಆದರೆ ಅದನ್ನು ಹರಡುವ ಉಣ್ಣೆ ಹುಳದ ಕಾಟ ಜೋರಾಗುವುದು ಮಳೆಗಾಲ ಪೂರ್ತಿ ಮುಗಿದ ಮೇಲೆ, ಬೇಸಿಗೆವರೆಗೆ. ಮೈ ಮುಚ್ಚುವ ಬಟ್ಟೆ ಹಾಕಿಕೋ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೆದುಕೋ. ಉಂಬಳಕ್ಕೆ ಉಪ್ಪು ಸಾಕು. ನನ್ನ ಚಿಂತೆ ಅದಲ್ಲ. ಆ ಹಳ್ಳ.

ತಾತನ ಎತ್ತಿನ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಅವತ್ತು ದಡದ ಮೇಲೆ ಅವ್ವನ ಜೊತೆ ನಿಂತು ನೋಡಿದವಳು ನಾನೊಬ್ಬಳೇ. ನಿಮ್ಮಮ್ಮ ಇನ್ನೂ ತೊಟ್ಟಿಲಲ್ಲಿದ್ದಳು. ತಾತ ಚಳ್ಳಕೆರೆಗೆ ಶೇಂಗಾ ಹಾಕಿ ಬರುತ್ತಿದ್ದರು. ನಮ್ಮೂರಲ್ಲಿ ಅವತ್ತು ಒಂದು ಹನಿ ಬಿದ್ದಿರಲಿಲ್ಲ, ಬಿಸಿಲು ಕಾಯುತ್ತಿತ್ತು. ಗಾಡಿ ಹಳ್ಳಕ್ಕೆ ಇಳಿಯುವಾಗ ಪಾದ ಮುಳುಗುವಷ್ಟು ನೀರು. ನಡುವೆ ಬರುವ ಹೊತ್ತಿಗೆ ಮೊಣಕಾಲುದ್ದ. ತಾತ ಎತ್ತುಗಳನ್ನು ಗದರಿಸುತ್ತಲೇ ಇದ್ದರು, ಆಗ ಮೇಲಿನಿಂದ ಸದ್ದು ಬಂತು. ನೀರು ಕೆಂಪಗೆ, ಕಸ ಕಡ್ಡಿ, ಜಾಲಿ ಮುಳ್ಳಿನ ಕೊಂಬೆ ಎಲ್ಲ ಹೊತ್ತುಕೊಂಡು ಬಂತು. ತಾತ ಕುಡುಗೋಲಿನಿಂದ ಬಲಗಡೆ ಎತ್ತಿನ ಕೊರಳ ಹಗ್ಗ ಕೊಯ್ದರು. ಎಡಗಡೆಯದಕ್ಕೆ ಕೈ ಹಾಕುವಷ್ಟರಲ್ಲಿ ಅದು ಗಾಡಿ ಜೊತೆ ಹೋಗಿತ್ತು. ಉಳಿದ ಎತ್ತಿನ ಬಾಲ ಹಿಡಿದು ಅವರು ಈಚೆ ಬಂದರು. ಮುಂದೆ ಊರು ಬಿಟ್ಟು ದುರ್ಗಕ್ಕೆ ಬಂದದ್ದೆಲ್ಲ ನಿನಗೆ ಗೊತ್ತೇ ಇದೆ.

ನಾನು ಹೇಳಬೇಕೆಂದಿದ್ದು ಎತ್ತಿನ ವಿಷಯ ಅಲ್ಲ ಪುಟ್ಟಿ. ತಾತ ಇಳಿದಾಗ ನೀರು ಮೊಣಕಾಲುದ್ದವೂ ಇರಲಿಲ್ಲ. ಮಳೆ ಬಿದ್ದದ್ದು ಎಲ್ಲೋ ಮೇಲೆ, ನಮ್ಮ ಕಣ್ಣಿಗೆ ಕಾಣದ ಕಡೆ. ನೀವು ಹೋಗುವ ಕಡೆ ಗುಡ್ಡ ಕಡಿದಾಗಿದೆ, ನೀರು ಇಳಿದು ಬರುವುದಕ್ಕೆ ಇನ್ನೂ ಕಡಿಮೆ ಹೊತ್ತು ಸಾಕು. ಹೋಗುತ್ತಿರುವುದು ಚಿತ್ತೆ ಮಳೆ ಕಾಲದಲ್ಲಿ. ಬೆಳಿಗ್ಗೆ ಚೆನ್ನಾಗಿ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು. ಕುರುಡು ಚಿತ್ತೆ ಈ ಗುಡ್ಡಕ್ಕೆ ಸುರಿದು ಪಕ್ಕದ ಗುಡ್ಡವನ್ನು ಬಿಟ್ಟುಬಿಡುತ್ತದೆ. ನಿಮ್ಮ ತಲೆ ಮೇಲೆ ನೀಲಿ ಆಕಾಶ ಇರುತ್ತದೆ, ಹಳ್ಳ ಮಾತ್ರ ಏರುತ್ತಿರುತ್ತದೆ.

2024ರ ಜೂನ್ 30ರಂದು ಲೋಣಾವಳದ ಭೂಶಿ ಡ್ಯಾಮ್ ಹತ್ತಿರದ ಜಲಪಾತದಲ್ಲಿ ಒಂದೇ ಮನೆಯ ಐದು ಜನ ಕೊಚ್ಚಿಹೋದರಲ್ಲ, ಆ ವಿಡಿಯೊ ನೀನೂ ನೋಡಿರುತ್ತೀಯ. ಒಬ್ಬರನ್ನೊಬ್ಬರು ತಬ್ಬಿಕೊಂಡು ನೀರಿನ ನಡುವೆ ನಿಂತಿದ್ದರು. ನಾನು ಅದನ್ನು ಪೂರ್ತಿ ನೋಡಲಿಲ್ಲ.

ಇನ್ನೊಂದು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಾವು ಬಯಲುಸೀಮೆಯವರು, ನೀರು ಕಂಡರೆ ನಮಗೆ ಹಿಗ್ಗು, ಭಯ ಆಮೇಲೆ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನಾವೆಲ್ಲ ಹಿರಿಯೂರಿಗೆ ಹೋಗಿದ್ದೆವಲ್ಲ. 1933ರ ಮೇಲೆ ಅದೇ ಮೊದಲು, 89 ವರ್ಷ ಆಗಿತ್ತು. ಜನ ಅಳುತ್ತಿದ್ದರು, ಬಾಗಿನ ಬಿಡುತ್ತಿದ್ದರು. ನೀನು ಸೀರೆ ಎತ್ತಿಕಟ್ಟಿ ಹರಿಯುವ ನೀರಿಗೆ ಕಾಲಿಟ್ಟೆ. ನಾನು ತೋಳು ಹಿಡಿದು ಎಳೆದಾಗ ಎಲ್ಲರೆದುರು ನಿನಗೆ ಅವಮಾನ ಆಯಿತೆಂದು ಕಾಣುತ್ತದೆ. ಮಲೆನಾಡಿನ ಮಕ್ಕಳು ಹಳ್ಳದ ಬಣ್ಣ ನೋಡುತ್ತಾ ಬೆಳೆದವರು. ಇವತ್ತು ದಾಟಬಹುದು, ಇವತ್ತು ಬೇಡ ಅನ್ನುವುದು ಅವರಿಗೆ ಗೊತ್ತಾಗುತ್ತದೆ. ನಮಗೆ ಗೊತ್ತಾಗುವುದಿಲ್ಲ. ಅದಕ್ಕೇ ಹೊಸಗದ್ದೆಯವರನ್ನು ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ, ಕೂಲಿ ಕೊಡಿ. ಅವರು ಬೇಡ ಅಂದರೆ ವಾದ ಮಾಡಬೇಡಿ. ಅರಣ್ಯ ಇಲಾಖೆಯವರನ್ನು ಕೇಳದೆ ಕಾಡಿಗೆ ಇಳಿಯಲೂ ಬೇಡಿ.

ಹೋಗಬೇಡ ಅಂತ ನಾನು ಹೇಳುತ್ತಿಲ್ಲ. ಆ ಮಾತು ನನ್ನ ಬಾಯಲ್ಲಿ ಬರಬಾರದು. ಟೀಚರ್ ಟ್ರೈನಿಂಗ್‌ನಲ್ಲಿದ್ದಾಗ ಮಳೆಗಾಲದಲ್ಲಿ ಜೋಗಕ್ಕೆ ಎಲ್ಲರನ್ನೂ ಕರೆದುಕೊಂಡು ಹೋದರು. ಅವ್ವ ಕಳಿಸಲಿಲ್ಲ, ಆ ಎತ್ತನ್ನು ಅವಳು ಕೊನೆವರೆಗೂ ಮರೆಯಲಿಲ್ಲ. ಗೆಳತಿಯರು ಬಂದು ಹೇಳಿದ್ದನ್ನು ಕೇಳುತ್ತಾ ಕೂತೆ. ಕಡೆಗೆ ನಿಮ್ಮ ದೊಡ್ಡಪ್ಪನ ಜೊತೆ ಹೋದದ್ದು ಬೇಸಿಗೆಯಲ್ಲಿ. 830 ಅಡಿ ಬಂಡೆ, ಅದರ ಮೇಲೆ ತೆಳ್ಳಗೆ ಎರಡು ಕಡೆ ನೀರು. ಉಳಿದದ್ದೆಲ್ಲ ಮೇಲೆ ಲಿಂಗನಮಕ್ಕಿಯಲ್ಲಿ ನಿಂತಿತ್ತು. ಅವರು ಮುಂದಿನ ವರ್ಷ ಮಳೆಗಾಲದಲ್ಲಿ ಬರೋಣ ಅಂದರು. ಆ ಮುಂದಿನ ವರ್ಷ ಬರಲೇ ಇಲ್ಲ. ಅದಕ್ಕೆ ನೀನು ನೋಡಬೇಕು, ನೋಡಿ ಬಂದು ನನಗೆ ಹೇಳಬೇಕು.

ಆದರೆ ಹಳ್ಳ. ಮತ್ತೆ ಅಲ್ಲಿಗೇ ಬಂದೆ, ಕ್ಷಮಿಸು. ಹೋಗುವಾಗಿನ ನೀರು ನೋಡಿ ಬರುವಾಗಿನ ನೀರಿನ ಲೆಕ್ಕ ಹಾಕಬೇಡ. ಬೆಳಿಗ್ಗೆ ದಾಟುವ ಮೊದಲು ದಡದಲ್ಲಿ ಒಂದು ಕಲ್ಲು ನೋಡಿಕೋ, ನೀರು ಅದರ ಎಲ್ಲಿವರೆಗೆ ಇದೆ ಅಂತ ಫೋಟೊ ತೆಗೆದುಕೋ. ಮಧ್ಯಾಹ್ನ ಮೋಡ ಕಟ್ಟುವುದರೊಳಗೆ ಈಚೆ ದಡಕ್ಕೆ ಬಂದುಬಿಡಿ, ಜಲಪಾತದ ಬುಡಕ್ಕೆ ಇಳಿಯಲು ಆಗದಿದ್ದರೂ ಪರವಾಗಿಲ್ಲ. ನೀರು ಕದಡಿದರೆ, ಎಲೆ ಕಡ್ಡಿ ತೇಲಿ ಬಂದರೆ, ಸದ್ದು ದಪ್ಪ ಆದರೆ ಫೋಟೊ, ಊಟ ಏನೂ ನೋಡದೆ ಮೇಲೆ ಹತ್ತಿ. ಇದು ನಾನು ಕಣ್ಣಾರೆ ಕಂಡದ್ದು, ಯಾರೋ ಹೇಳಿದ್ದಲ್ಲ.

ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಹರಿಯುವ ವೇಗ ಎರಡರಷ್ಟಾದರೆ ನೀರು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಮೊಣಕಾಲುದ್ದ ಅಂದರೆ ಏನೂ ಹೇಳಿದಂತಾಗುವುದಿಲ್ಲ, ಸೆಳವು ಎಷ್ಟು ಅನ್ನುವುದೇ ಮುಖ್ಯ. ಕಿರಿದಾದ ಕಡೆ ದಾಟುವುದು ಸುಲಭ ಅನ್ನಿಸುತ್ತದೆ, ಅಲ್ಲೇ ಆಳ, ಅಲ್ಲೇ ಸೆಳವು. ಅಗಲವಾದ ಕಡೆ ದಾಟಿ. ನೀರು ಧುಮುಕುವ ಜಾಗದ ಮೇಲ್ಗಡೆ ಮಾತ್ರ ಎಂದಿಗೂ ಬೇಡ. ಕೈಯಲ್ಲಿ ಕೋಲು ಇರಲಿ, ಶೂಸ್ ಬಿಚ್ಚಬೇಡ, ಪಾಚಿಗೆ ಬರಿಗಾಲು ನಿಲ್ಲುವುದಿಲ್ಲ. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಕೊಂಡು ಇಳಿ. ಬಿದ್ದರೆ ಬ್ಯಾಗ್ ಹೋಗಲಿ. ಇವೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು, ಆದರೂ ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಅಷ್ಟಾದರೂ ನೀವು ಆಚೆ ದಡದಲ್ಲೇ ಉಳಿದು ಹಳ್ಳ ಏರಿತು ಅಂದುಕೋ. ದಾಟಬೇಡ. ನೀನು ಕೇಳಿದ 'ಏನು ಮಾಡೋದೋ' ಅನ್ನುವುದಕ್ಕೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ. ನೀರಿನಿಂದ ದೂರ, ಎತ್ತರದ ಜಾಗದಲ್ಲಿ ಕೂತುಕೊಳ್ಳಿ. ಮಳೆ ನಿಂತರೆ ಇಂಥ ಸಣ್ಣ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತದೆ. ಕತ್ತಲಾದರೆ ಅಲ್ಲೇ ಬೆಳಗು ಮಾಡಿ. ಟಾರ್ಚ್, ಪ್ಲಾಸ್ಟಿಕ್ ಹಾಳೆ, ಪ್ರತಿಯೊಬ್ಬರಿಗೂ ಒಂದು ಒಣ ಬಟ್ಟೆ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಇರಲಿ. ರೊಟ್ಟಿ ನಾನೇ ತಟ್ಟಿ ಕಳಿಸುತ್ತೇನೆ. ನಾಳೆ ಆಫೀಸಿದೆ, ಬಸ್ ಬುಕ್ ಆಗಿದೆ ಅಂತ ಯಾರಾದರೂ ಒಬ್ಬಳು ಅವಸರ ಮಾಡುತ್ತಾಳೆ. ಅವಳ ಮಾತು ಕೇಳಬೇಡ.

ಹೊರಡುವ ಹಿಂದಿನ ದಿನ ಯಾರ ಜೊತೆ ಕಾಡಿಗೆ ಇಳಿಯುತ್ತೀರಿ, ಎಷ್ಟು ಹೊತ್ತಿಗೆ ಫೋನ್ ಸಿಗುವ ಜಾಗಕ್ಕೆ ಬರುತ್ತೀರಿ ಅಂತ ನನಗೆ ತಿಳಿಸು. ನಿಮ್ಮಮ್ಮನಿಗೆ ಹಳ್ಳದ ವಿಷಯ ನಾನು ಹೇಳಿಲ್ಲ, ನೀನೇ ಹೇಳು. ತಡವಾದರೆ ಅವಳನ್ನು ನಾನು ಸಮಾಧಾನ ಮಾಡುತ್ತೇನೆ. ನೀರು ಇಳಿಯಲಿ ಅಂತ ಕಾದು ಮರುದಿನ ಬಂದೆವು ಅಂದರೆ ಈ ಮನೆಯಲ್ಲಿ ಯಾರೂ ನಿನ್ನನ್ನು ಒಂದು ಮಾತೂ ಅನ್ನದಂತೆ ನಾನು ನೋಡಿಕೊಳ್ಳುತ್ತೇನೆ.

ನಾಯಕನಹಟ್ಟಿ ತಿಪ್ಪಜ್ಜ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ
ದೊಡ್ಡಮ್ಮ